ಗೇಟಿನ ಲಿಗೋರಿಯವರು
ಕೊಲ್ಲಿ ದೇಶದ ಮೀನಾ ಅಬ್ದುಲ್ಲಾದ ಎಣ್ಣೆ ರಿಫೈನರಿ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ಸೆಕ್ಯುರಿಟಿಯಾಗಿದ್ದ ಲಿಗೋರಿಯವರಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಕಾನೂನು: ಬೆಂಕಿ ಒಳಗೆ ಹೋಗಬಾರದು. ಜೇಬಿನಲ್ಲಿ ಒಂದೇ ಒಂದು ಕಡ್ಡಿಯಿದ್ದರೂ ಹತ್ತು ಮಾರು ದೂರದಿಂದಲೇ ವಾಸನೆ ಹಿಡಿಯುವ ಮೂಗು ಅವರದು. ದೊಡ್ಡ ಇಂಜಿನಿಯರನೇ ಬರಲಿ, “ಬೆಂಕಿಪೆಟ್ಟಿಗೆ ಉಂಟಲ್ಲ? ಇಲ್ಲಿಡಿ. ಖಲಾಸ್!” ಎನ್ನುವರು. ಮನೆಗೆ ಬಂದರೆ ಯೂನಿಫಾರ್ಮ್ ಕಳಚುತ್ತಿತ್ತು, ಕಾನೂನು ಕಳಚುತ್ತಿರಲಿಲ್ಲ. ಅಡುಗೆಗೆ ಕರೆಂಟಿನ ಒಲೆ, ದೇವರ ಪೀಠಕ್ಕೆ ಬ್ಯಾಟರಿಯ ಮೇಣದಬತ್ತಿ; ಮಗಳ ಬರ್ತ್‌ಡೇ ಕೇಕಿನ ಮೇಲೆ ಟಾರ್ಚ್ ಹಿಡಿದು ಊದಿಸಿದವರು ಅವರು. “ಬ್ಯಾಟರಿ ಕ್ಯಾಂಡಲ್ ನೋಡಿ ದೇವರು ನಗಾಡ್ಲಿಕ್ಕಿಲ್ವಾ?” ಎಂದು ಹೆಂಡತಿ ಇಸಾಬೆಲ್ ಬಾಯಿ ಗೊಣಗಿದರೆ, “ದೇವರಿಗೆ ಸೇಫ್ಟಿ ಬೇಡವಾ ಮಾರಾಯ್ತಿ?” ಎನ್ನುವರು. ಇಸಾಬೆಲ್ ಬಾಯಿಯೂ ಬಗ್ಗುವವರಲ್ಲ. ಸಂತ ಅಂತೋನಿಯ ಪಟದ ಹಿಂದೆ ಒಂದು ಬೆಂಕಿಪೆಟ್ಟಿಗೆ ಅಡಗಿಸಿಟ್ಟಿದ್ದರು. ಗಂಡ ಡ್ಯೂಟಿಗೆ ಹೊರಟ ಕೂಡಲೇ ಅವರು ಕ್ಷೇಮವಾಗಿ ಮರಳಲೆಂದು ನಿಜವಾದ ಮೇಣದಬತ್ತಿ ಹಚ್ಚಿ, ಪ್ರಾರ್ಥಿಸಿ, ಆರಿಸಿ, ವಾಸನೆ ಹೋಗಲೆಂದು ಕಿಟಕಿ ತೆರೆಯುವರು. ದಿನಕ್ಕೊಂದು ಕಡ್ಡಿ ಗೀರಿದರೂ ವರ್ಷಗಟ್ಟಲೆ ಪೆಟ್ಟಿಗೆ ಖಾಲಿಯಾಗಲಿಲ್ಲ. ಇದು ಸಂತ ಅಂತೋನಿಯ ಪವಾಡವೇ ಸರಿ ಎಂದು ನಂಬಿ, ಯಾರಿಗೂ ಹೇಳಲಿಲ್ಲ. ಕಳೆದ ಮಾರ್ಚಿನಲ್ಲಿ ಲಿಗೋರಿಯವರು ತೀರಿಕೊಂಡರು. ಅಂದಿನಿಂದ ಬಾಯಿ ಅದೇ ಪೆಟ್ಟಿಗೆಯಿಂದ ಕಡ್ಡಿ ತೆಗೆದು ಅವರ ಫೋಟೋದ ಮುಂದೆ ಬತ್ತಿ ಹಚ್ಚುತ್ತಿದ್ದರು. ನಲವತ್ತನೆಯ ದಿನ ಪೆಟ್ಟಿಗೆ ತೆರೆದರೆ ಒಂದು ಕಡ್ಡಿಯೂ ಇರಲಿಲ್ಲ. ಬಾಯಿ ಸಂತನ ಪಟದಿಂದ ಗಂಡನ ಫೋಟೋದ ಕಡೆಗೆ ಮೆಲ್ಲನೆ ತಿರುಗಿ, “ಹಾಗಾದ್ರೆ ನಿಮಗೆ ಗೊತ್ತಿತ್ತಾ ಮಾರಾಯ್ರೆ?” ಎಂದರು.