ಬುಟ್ಟಿಯ ಮೇಲೆ ಓಡಿದ ಅಪ್ಪ

ನಾನು ಚಿಕ್ಕವನಿದ್ದಾಗ ನಮ್ಮ ಶಾಲೆಯಲ್ಲಿ ಬಣ್ಣದ ಪೆಟ್ಟಿಗೆ ಇದ್ದದ್ದು ಡ್ರಾಯಿಂಗ್ ಮೇಷ್ಟ್ರ ಹತ್ತಿರ ಮಾತ್ರ. ಅದರಲ್ಲೂ ನೀಲಿ ಮುಗಿದುಹೋಗಿತ್ತು. ಹಾಗಾಗಿ ಅವರು ಬರೆದು ಗೋಡೆಗೆ ಅಂಟಿಸಿದ ಚಿತ್ರಗಳಲ್ಲೆಲ್ಲ ಆಕಾಶ ಹಸಿರಾಗಿರುತ್ತಿತ್ತು. ನಮಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಆಕಾಶ ಹೇಗಿರುತ್ತದೆ ಎಂದು ನೋಡಬೇಕಾದರೆ ಕಿಟಕಿ ಇತ್ತಲ್ಲ.

ನಮ್ಮೂರು ಸೊರಬದಿಂದ ಕುಬಟೂರಿಗೆ ಹೋಗುವ ದಾರಿಯಲ್ಲಿತ್ತು. ಮೇಷ್ಟ್ರು ಮೈಸೂರು ಕಡೆಯವರು. ಶಿಕಾರಿಪುರದಿಂದ ಬರುವ ಬಸ್ಸಿನಲ್ಲಿ ಒಂದು ಟ್ರಂಕು, ಒಂದು ಛತ್ರಿ ಹಿಡಿದು ಇಳಿದವರು ನಮ್ಮೂರಲ್ಲೇ ಕೋಣೆ ಹಿಡಿದು ಉಳಿದರು. ಏನನ್ನೇ ನೋಡಿದರೂ ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಮುಂದೆ ಚಾಚಿ ಅಳೆಯುತ್ತಿದ್ದರು. ಎಮ್ಮೆ, ಹುಲ್ಲಿನ ಬಣವೆ, ಹೆಡ್ ಮೇಷ್ಟ್ರು, ಯಾರನ್ನೂ ಬಿಡುತ್ತಿರಲಿಲ್ಲ. ನಾವೂ ಅವರ ಹಾಗೆ ಬಳಪ ಚಾಚಿ, ಒಂದು ಕಣ್ಣು ಮುಚ್ಚಿಕೊಂಡು ಮನೆಗೆ ನಡೆಯಲು ಹೋಗಿ ಎಡವಿ ಬೀಳುತ್ತಿದ್ದೆವು.

ದಸರಾ ರಜೆಗೆ ಮುಂಚೆ ಒಂದು ದಿನ ಅವರು, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ದೊಡ್ಡದೊಂದು ಚಿತ್ರ ತಂದು ಬೋರ್ಡಿಗೆ ತೂಗುಹಾಕಿದರು. ತಾವು ಓದುತ್ತಿದ್ದ ಕಾಲದಲ್ಲಿ ಕೊಂಡದ್ದಂತೆ. ಅದರಲ್ಲಿ ಒಂದು ಗಡಿಗೆ ಇತ್ತು. ನಮ್ಮ ಮನೆಯ ಗಡಿಗೆಯಂಥದ್ದಲ್ಲ. ಉದ್ದ ಕತ್ತು, ಎರಡೂ ಕಡೆ ಕಿವಿಯಂಥ ಹಿಡಿ. ಮೈಯೆಲ್ಲ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಪ್ಪು. ಆ ಕಪ್ಪಿನ ನಡುವೆ, ಸುಟ್ಟ ಮಣ್ಣಿನ ಕೆಂಪಿನಲ್ಲಿ, ಮೂವರು ಗಂಡಸರು ಕೈಯಲ್ಲಿ ದೊಂದಿ ಹಿಡಿದು ಓಡುತ್ತಿದ್ದರು. ಅವರ ಮೈಮೇಲೆ ಒಂದು ಚೂರು ಬಟ್ಟೆ ಇರಲಿಲ್ಲ. ತರಗತಿಯಲ್ಲಿ ಮೊದಲು ಕಿಸಕ್ಕೆಂದವನು ನಾನೇ.

"ನಗಬೇಡ್ರಪ್ಪ. ನೀವು ಕೆರೆಗೆ ಈಜೋಕೆ ಹೋಗುವಾಗ ಇನ್ನೇನು ಕೋಟು ಹಾಕ್ಕೊಂಡು ಓಡ್ತೀರಾ?" ಎಂದರು ಮೇಷ್ಟ್ರು.

ಸಮುದ್ರದಾಚೆ ಗ್ರೀಸ್ ಎಂಬ ದೇಶವಿದೆ, ಈ ಗಡಿಗೆ ಮಾಡಿದ್ದು ಎರಡು ಸಾವಿರ ವರ್ಷಕ್ಕೂ ಹಿಂದೆ ಎಂದು ಅವರು ಹೇಳಿದರು. ಅಲ್ಲಿಯ ಜನ ತಮ್ಮ ದೇವರ ಹಬ್ಬದಲ್ಲಿ ಉರಿಯುವ ದೊಂದಿಯನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಓಡುತ್ತಿದ್ದರಂತೆ. ಮೊದಲು ಗುರಿ ಮುಟ್ಟಿದವರ ಬೆಂಕಿಯಿಂದ ದೇವರ ಮುಂದೆ ಉರಿ ಹೊತ್ತಿಸುತ್ತಿದ್ದರಂತೆ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ನಮ್ಮನ್ನೇ ನೋಡುತ್ತದೆ, ಗಮನಿಸಿ ಎಂದರು. ಗಡಿಗೆಯ ಹೊಟ್ಟೆ ಉಬ್ಬಿದ ಕಡೆ ಮನುಷ್ಯರಿಗೆ ಜಾಗ, ಕತ್ತು ಕಿರಿದಾದ ಕಡೆ ಅಂಚಿನ ಬಳ್ಳಿ. ಪಾತ್ರೆ ಹೇಗಿದೆಯೋ ಹಾಗೆ ಚಿತ್ರ ಬಾಗಬೇಕು, ಚಿತ್ರಕ್ಕಾಗಿ ಪಾತ್ರೆ ಬಾಗುವುದಿಲ್ಲ ಎಂದು ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ.

ಮರುದಿನ ನಾವೆಲ್ಲ ಒಡೆದ ಹೆಂಚಿನ ಚೂರು ಹಿಡಿದು ಶಾಲೆಗೆ ಹೋದೆವು. ಹೆಂಚು ಕೆಂಪು, ಜೊತೆಗೆ ದೀಪದ ಕಾಡಿಗೆ. ಬೇರೆ ಬಣ್ಣದ ಹಂಗಿರಲಿಲ್ಲ. ಆದರೆ ಕೆಲಸ ಸುಲಭವಾಗಿರಲಿಲ್ಲ. "ಮನುಷ್ಯನನ್ನ ಬರೀಬೇಡಿ. ಅವನ ಸುತ್ತ ಇರೋ ಕತ್ತಲೆ ಬರೀರಿ. ಮನುಷ್ಯ ತಾನಾಗೇ ಉಳ್ಕೋತಾನೆ" ಎಂದರು ಮೇಷ್ಟ್ರು. ನನ್ನ ಹೆಂಚಿನ ಮೇಲೆ ಮನುಷ್ಯ ಉಳಿಯಲೇ ಇಲ್ಲ. ಕತ್ತಲೆ ಬಂದು ಮೊದಲು ಅವನ ಒಂದು ಕಾಲು ನುಂಗಿತು, ಆಮೇಲೆ ಮೂಗು. ಕೊನೆಗೆ ಕುಂಬಳಕಾಯಿಗೆ ಕೈ ಮೂಡಿ ದೊಂದಿ ಹಿಡಿದ ಹಾಗೆ ಕಂಡಿತು.

ಆ ಹೆಂಚನ್ನು ಮನೆಗೆ ತಂದದ್ದು ಅಕ್ಕನಿಗೆ ತೋರಿಸಲಿಕ್ಕೆ. ಅಕ್ಕ ನನಗಿಂತ ದೊಡ್ಡವಳು. ಚಿಕ್ಕ ತಮ್ಮ ಹುಟ್ಟಿದ ಮೇಲೆ ಅವನನ್ನು ನೋಡಿಕೊಳ್ಳಲು ಅವಳನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿದ್ದರು. ಮೇಷ್ಟ್ರು ಬರುವ ಮುಂಚಿನ ಮಾತು ಅದು. ಸಂಜೆ ನಾನು ಚೀಲ ಇಡುವುದೇ ತಡ, "ಇವತ್ತು ಎಂತ ಹೇಳ್ಕೊಟ್ರು?" ಎಂದು ಕೇಳುವಳು. ನಾನು ಹೇಳಿದ್ದನ್ನೆಲ್ಲ ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುವಳು. ಶಾಲೆಯ ಮುಂದೆ ಹಾದುಹೋಗುವಾಗ ಮಾತ್ರ ಅವಳು ಆ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಅಳು ಬರುತ್ತದೆ ಎಂದು ಒಮ್ಮೆ ನನಗೊಬ್ಬನಿಗೇ ಹೇಳಿದ್ದಳು.

ಹೆಂಚನ್ನು ತಿರುಗಿಸಿ ತಿರುಗಿಸಿ ನೋಡಿದ ಅಕ್ಕ, "ದೊಂದಿ ಹಿಡ್ಕಂಡಾನೆ. ಇವ್ನೂ ಚರಗ ಚೆಲ್ಲಾಕೆ ಹೊಂಟಾನೇನೋ?" ಎಂದಳು.

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಭೂಮಿ ಹುಣ್ಣಿಮೆ ಹತ್ತಿರ ಬಂದಿತ್ತು. ಆ ಹೊತ್ತಿಗೆ ಗದ್ದೆಯ ಭತ್ತದ ಹೊಡೆಯೊಳಗೆ ತೆನೆ ತುಂಬಿರುತ್ತದೆ. ಭೂಮಿತಾಯಿ ಬಸುರಿ ಎಂದು ತಿಳಿದು ಅವಳ ಬಯಕೆ ತೀರಿಸುವ ಹಬ್ಬ ಅದು. ಬೆಳಕು ಹರಿಯುವ ಮುಂಚೆ ಮನೆಯ ಯಜಮಾನ ಬುಟ್ಟಿ ಹೊತ್ತು, ದೊಂದಿ ಹಿಡಿದು ಗದ್ದೆಗೆ ಹೋಗಿ, ಬೇಯಿಸಿದ ಸೊಪ್ಪು, ಅನ್ನವನ್ನು 'ಉಣ್ಣು ತಾಯಿ' ಎಂದು ಕೂಗುತ್ತ ಎರಚುತ್ತಾನೆ. ಅದೇ ಚರಗ. ಆ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಸಾರಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ರ ಬರೆಯುವುದು ಹೆಂಗಸರ ಕೆಲಸ. ನಮ್ಮ ಮನೆಯಲ್ಲಿ ಅಜ್ಜಿಯ ಕಣ್ಣು ಮಂಜಾದ ಮೇಲೆ ಅದು ಅಕ್ಕನ ಪಾಲಿಗೆ ಬಂದಿತ್ತು.

ಆ ವರ್ಷ ಅಕ್ಕ ಪುಂಡಿ ನಾರಿನ ಕುಂಚ ಹಿಡಿದು ಭತ್ತದ ಗಿಡ, ಏಣಿ, ಗಾಡಿ, ಗುಡವಿ ಕೆರೆಯ ಹಕ್ಕಿ ಎಲ್ಲ ಬರೆದಳು. ಬುಟ್ಟಿ ಉಬ್ಬಿದ ಕಡೆ ಒಂದಿಷ್ಟು ಜಾಗ ಬಿಟ್ಟಳು. ಆಮೇಲೆ ಅಕ್ಕಿಯನ್ನು ಕಪ್ಪಗೆ ಹುರಿದು, ಅರೆದು, ಆ ಜಾಗಕ್ಕೆ ಬಳಿಯತೊಡಗಿದಳು. ನಾನು ನೋಡುತ್ತಿದ್ದ ಹಾಗೆ ಕಪ್ಪಿನ ನಡುವೆ ಕೆಮ್ಮಣ್ಣಿನ ಒಬ್ಬ ಮನುಷ್ಯ ಉಳಿದುಕೊಂಡ. ದೊಂದಿ ಹಿಡಿದು ಓಡುತ್ತಿದ್ದ. ಅವನ ಮೂಗೂ ಇತ್ತು, ಎರಡು ಕಾಲೂ ಇದ್ದವು. "ಚರಗ ಚೆಲ್ಲೋ ಹೊತ್ತಿಗೆ ಕತ್ಲೆನೇ ಅಲ್ವನಾ" ಎಂದಳು ಅಕ್ಕ, ಅದರಲ್ಲಿ ದೊಡ್ಡದೇನೂ ಇಲ್ಲವೆಂಬಂತೆ. ಬಟ್ಟೆಯಿಲ್ಲದೆ ಓಡಿಸುವುದು ಮಾತ್ರ ಅವಳಿಂದಾಗಲಿಲ್ಲ. ಬಿಳಿಯಲ್ಲಿ ಒಂದು ಪಂಚೆ ಉಡಿಸಿ, ಹೆಗಲಿಗೆ ಕಂಬಳಿ ಹೊದಿಸಿ, ತಲೆಗೆ ರುಮಾಲು ಕಟ್ಟಿದಳು.

ಅಜ್ಜಿ ಬುಟ್ಟಿಯನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು. ಬುಟ್ಟಿಯ ಮೇಲೆ ಅದುವರೆಗೆ ಹೊಸಬರು ಯಾರೂ ಬಂದಿರಲಿಲ್ಲ.

"ಯಾರೇ ಇವ?"

"ಅಪ್ಪ" ಎಂದಳು ಅಕ್ಕ.

"ನಿಮ್ಮಪ್ಪ ಯಾವತ್ತು ಹಿಂಗೆ ಓಡಿದ್ದ? ಆಗ್ಲಿ ಬಿಡು. ಚಿತ್ರ ನೋಡಾದ್ರೂ ಈ ವರ್ಷ ಬೇಗ ಹೋಗ್ಲಿ."

ರಜೆ ಮುಗಿದ ಮೇಲೆ ಮೇಷ್ಟ್ರು ಒಂದು ಪ್ರದರ್ಶನ ಇಡುವುದಾಗಿ ಹೇಳಿದರು. ನಡುವೆ ಗ್ರೀಸಿನ ಗಡಿಗೆಯ ಚಿತ್ರ, ಸುತ್ತ ನಮ್ಮ ಹೆಂಚುಗಳು, ಜೊತೆಗೆ ನಮ್ಮ ನಮ್ಮ ಮನೆಯಲ್ಲಿ ಚಿತ್ರ ಬರೆದಿಟ್ಟ ವಸ್ತುಗಳು. ಭೂಮಿ ಹುಣ್ಣಿಮೆಯ ದಿನ ಯಾರೂ ನೇಗಿಲು ಹೂಡುವುದಿಲ್ಲ, ದೊಡ್ಡವರೂ ಬರಬಹುದು ಎಂದು ಆ ದಿನವನ್ನೇ ಗೊತ್ತುಮಾಡಿದರು. ನಾನು ಸುಮ್ಮನಿರಲಾರದೆ ಅಕ್ಕನ ಬುಟ್ಟಿಯ ವಿಷಯ ಹೇಳಿಬಿಟ್ಟೆ. "ಹಿಂದಿನ ದಿನವೇ ತಂದಿಡು. ನಿಮ್ಮಕ್ಕನೂ ಬಂದು ತನ್ನ ಬುಟ್ಟಿ ಪಕ್ಕ ನಿಂತು, ಹೇಗೆ ಬರೆದೆ ಅಂತ ಹೇಳಲಿ" ಎಂದರು. ಅದನ್ನು ಅಕ್ಕನಿಗೆ ಹೇಳಿದೆ. ಸಂಜೆ ಅವಳು ತಂಬಿಗೆಗೆ ಕೆಂಡ ತುಂಬಿ ತನ್ನ ಹಸಿರು ಲಂಗವನ್ನು ಇಸ್ತ್ರಿ ಮಾಡುತ್ತ ಕೂತಿದ್ದಳು. ಅವಳಿಗೆ ಬರುವ ಆಸೆಯೆಂದು ಅಷ್ಟರಲ್ಲೇ ನನಗೆ ತಿಳಿಯಿತು.

ಅಪ್ಪ ಒಪ್ಪಲಿಲ್ಲ. ಸಿಟ್ಟೇನೂ ಮಾಡಲಿಲ್ಲ. "ಬುಟ್ಟಿ ಬರ್ದಿದ್ದು ಎಂತುಕ್ಕೆ? ಗದ್ದಿಗೆ ಹೋಗಾಕೆ. ಭೂಮ್ತಾಯಿ ಉಣ್ಣಾಕ್ ಮುಂಚೆ ಅದು ಯಾರ ಮನಿಗೂ ಹೋಗಲ್ಲ" ಎಂದರು, ಅಷ್ಟೆ. ಗದ್ದೆಗೆ ಹೋಗಿ ಬಂದ ಬುಟ್ಟಿಯ ಚಿತ್ರ ಹೇಗೆ ಕೆಟ್ಟಿರುತ್ತದೆಂದು ನನಗೆ ಗೊತ್ತಿತ್ತು. ಅಕ್ಕ ಮಡಿಸಿದ ಲಂಗವನ್ನು ಮತ್ತೆ ಪೆಟ್ಟಿಗೆಯಲ್ಲಿ ಇಟ್ಟಳು. ಬುಟ್ಟಿ ಬರುವುದಿಲ್ಲ ಎಂದು ನಾನು ತಲೆ ತಗ್ಗಿಸಿ ಹೇಳಿದಾಗ ಮೇಷ್ಟ್ರು ಜೋಡಿಸುತ್ತಿದ್ದ ಹೆಂಚುಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. "ಸರಿ. ಮೇಜಿನ ಮೇಲೆ ಅದರ ಜಾಗ ಹಾಗೇ ಇರಲಿ" ಎಂದರು.

ಹಬ್ಬದ ಮುಂಜಾನೆ ಅಪ್ಪ ಬುಟ್ಟಿ ಹೊತ್ತು, ದೊಂದಿ ಹಿಡಿದು ಹೊರಟರು. ಹಿಂದೆ ನಾನು. ಗದ್ದೆಯಂಚಿನ ಹುಲ್ಲೆಲ್ಲ ಇಬ್ಬನಿ, ಕಾಲು ಸೆಟೆದುಹೋಗುವಷ್ಟು ತಣ್ಣಗೆ. ದೊಂದಿಯ ಹೊಗೆಯ ಜೊತೆ ಬುಟ್ಟಿಯೊಳಗಿನ ಸೌತೆಕಾಯಿ ಕಡುಬಿನ ಘಮ ಬರುತ್ತಿತ್ತು. ಸುತ್ತಲಿನ ಗದ್ದೆಗಳಲ್ಲೂ ಬೆಳಕುಗಳು ಓಡಾಡುತ್ತಿದ್ದವು, ಕೂಗು ಕೇಳುತ್ತಿತ್ತು. ಆಗ ತಲೆಯೆತ್ತಿ ನೋಡಿದೆ. ಉರಿ ಅಲುಗಿದಂತೆಲ್ಲ ಬುಟ್ಟಿಯ ಮೇಲಿನ ಅಪ್ಪನೂ ಓಡುತ್ತಿದ್ದರು. ಕೆಳಗೊಬ್ಬ ಅಪ್ಪ, ಮೇಲೊಬ್ಬ ಅಪ್ಪ, ಇಬ್ಬರ ಕೈಯಲ್ಲೂ ದೊಂದಿ. ಮೇಜಿನ ಮೇಲಿಟ್ಟಿದ್ದರೆ ಬುಟ್ಟಿಯ ಅಪ್ಪ ಹೀಗೆ ಓಡುತ್ತಿರಲಿಲ್ಲ ಎಂದು ನನಗೆ ಅಲ್ಲೇ ಅನ್ನಿಸಿತು.

ಬಿಸಿಲೇರಿದ ಮೇಲೆ ಅವ್ವ, ಅಜ್ಜಿ, ಅಕ್ಕ ಬಂದರು. ಪೂಜೆ ಆಯಿತು, ಗದ್ದೆಯ ಬದುವಿನ ಮೇಲೆ ಊಟ ಆಯಿತು. ಬುಟ್ಟಿಯ ಅಂಚಿಗೆಲ್ಲ ಪಲ್ಯದ ಎಣ್ಣೆ ಹತ್ತಿತ್ತು. ಅಪ್ಪನ ಕೈ ತಾಗಿ ಓಡುವವನ ಒಂದು ಪಾದ ಮಸುಕಾಗಿತ್ತು. ನನಗೆ ಅಳುವೇ ಬಂತು. ಅಪ್ಪ ಕೈ ತೊಳೆದು ಬಂದು ಅಕ್ಕನಿಗೆ, "ಈಗ ತಗಂಡ್ಹೋಗು. ಯಾರು ಬರ್ದಿದ್ದು ಅಂತ ಕೇಳಿದ್ರೆ ತಲೆ ತಗ್ಗಿಸ್ಬ್ಯಾಡ" ಎಂದರು. ಅಕ್ಕ ಹೊರಡುವಷ್ಟರಲ್ಲಿ ಅಜ್ಜಿ ತಡೆದರು. "ಶಾಲಿ ಮನಿಗೆ ಖಾಲಿ ಬುಟ್ಟಿ ಕಳ್ಸಾದಾ?" ಎನ್ನುತ್ತ ಬಾಳೆಎಲೆ ಹಾಸಿ ಬುಟ್ಟಿಯ ತುಂಬ ಕಡುಬು ಇಟ್ಟರು. ಅಪ್ಪನೇ ಎತ್ತಿ ಅಕ್ಕನ ತಲೆಯ ಮೇಲಿಟ್ಟರು.

ನನ್ನ ಜೊತೆ ಮನೆಗೆ ಬಂದು ಹಸಿರು ಲಂಗ ಉಟ್ಟುಕೊಂಡ ಅಕ್ಕ ಶಾಲೆಯ ಬಾಗಿಲಲ್ಲಿ ನಿಂತುಬಿಟ್ಟಳು. ಮೇಷ್ಟ್ರು ಒಳಗಿನಿಂದ ನೋಡಿ, "ಬಾಮ್ಮ, ಜಾಗ ಕಾಯ್ತಾ ಇದೆ" ಎಂದರು. ನಿಜವಾಗಿಯೂ ಚಿತ್ರದ ಪಕ್ಕದಲ್ಲೇ ಮೇಜು ಖಾಲಿಯಿತ್ತು.

ಮಸುಕಾದ ಪಾದವನ್ನು ನಾನು ಬೆರಳಿನಿಂದ ಮರೆಮಾಡಲು ನೋಡಿದೆ. ಮೇಷ್ಟ್ರು ನನ್ನ ಕೈ ಸರಿಸಿದರು. ಗ್ರೀಸಿನ ಗಡಿಗೆಯ ಹಿಡಿಯ ಹತ್ತಿರ ತೋರಿಸಿ, ಅಲ್ಲೂ ಕಪ್ಪು ಸವೆದಿದೆ, ಯಾರದೋ ಕೈ ದಿನಾ ಹಿಡಿದದ್ದು ಎಂದರು. ಆಟದಲ್ಲಿ ಗೆದ್ದವರಿಗೆ ಅಲ್ಲಿಯ ಜನ ಇಂಥ ಗಡಿಗೆಗಳನ್ನು ಎಣ್ಣೆ ತುಂಬಿಸಿ ಕೊಡುತ್ತಿದ್ದರಂತೆ. "ಈಗ ಅದನ್ನ ಹಿಡಿಯೋರು ಯಾರೂ ಉಳಿದಿಲ್ಲ. ಅದಕ್ಕೇ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಕೂತಿದೆ. ನಿಮ್ಮ ಬುಟ್ಟಿಯಿಂದ ಇನ್ನೂ ಘಮ ಬರ್ತಿದೆ ನೋಡಿ" ಎಂದರು. ನಾವು ಘಮವನ್ನಷ್ಟೇ ಮೂಸುತ್ತ ನಿಲ್ಲಲಿಲ್ಲ. ಕಡುಬು ತಿನ್ನುತ್ತ, ಎಣ್ಣೆಗೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಬುಟ್ಟಿಯ ಸುತ್ತ ತಿರುಗಿದೆವು. ಊರಿನವರೂ ಬಂದು ನೋಡಿದರು.

ಅಕ್ಕ ಅಲ್ಲಿರಲಿಲ್ಲ. ಬೋರ್ಡಿನ ಮುಂದೆ ನಿಂತಿದ್ದಳು. ಅಲ್ಲಿಯತನಕ ಅವಳು ನೋಡಿದ್ದು ನನ್ನ ಕುಂಬಳಕಾಯಿಯನ್ನು ಮಾತ್ರ. ಅಸಲು ಚಿತ್ರವನ್ನು ಈಗ ಮೊದಲ ಸಲ ನೋಡುತ್ತಿದ್ದಳು. ಬಟ್ಟೆಯಿಲ್ಲದ್ದು ಕಂಡು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ನಿಂತಿತು. ಒಬ್ಬನ ಬೆನ್ನಿನಿಂದ ಹಿಮ್ಮಡಿಯವರೆಗೆ ಹರಿದ ಗೆರೆಯನ್ನೇ ಗಾಳಿಯಲ್ಲಿ ಬೆರಳಾಡಿಸಿ ನೋಡಿದಳು.

"ಬರ್ದೋರ ಕೈ ಎಷ್ಟು ಗಟ್ಟಿ, ಮೇಷ್ಟ್ರೇ. ಗೀಟು ಎಲ್ಲೂ ನಡುಗಿಲ್ಲ" ಎಂದಳು.

"ನಿನ್ನದೂ ನಡುಗಿಲ್ಲಮ್ಮ" ಎಂದರು ಮೇಷ್ಟ್ರು.

ಅಕ್ಕನ ಕಣ್ಣು ತುಂಬಿತು. ಆದರೆ ಅಪ್ಪ ಹೇಳಿದ್ದಕ್ಕೋ ಏನೋ, ಅವಳು ತಲೆ ತಗ್ಗಿಸಲಿಲ್ಲ. ಮೇಷ್ಟ್ರು ಕೊಟ್ಟ ಸೀಮೆಸುಣ್ಣ ಹಿಡಿದು, ಕತ್ತಲೆ ಬರೆದು ಮನುಷ್ಯನನ್ನು ಉಳಿಸುವುದು ಹೇಗೆಂದು ನಮಗೆಲ್ಲ ಬೋರ್ಡಿನ ಮೇಲೆ ತೋರಿಸಿದಳು. ಬೋರ್ಡಿನಲ್ಲಿ ಕತ್ತಲೆ ಬೆಳ್ಳಗಿತ್ತು, ಮನುಷ್ಯ ಕಪ್ಪಗಿದ್ದ. ಹಸಿರು ಆಕಾಶ ನೋಡಿ ಬೆಳೆದ ನಮಗೆ ಅದೂ ಸರಿಯಾಗಿಯೇ ಕಂಡಿತು.

ಹೊರಡುವಾಗ ಬುಟ್ಟಿಯಲ್ಲಿ ಬಾಡಿದ ಬಾಳೆಎಲೆ ಮಾತ್ರ ಉಳಿದಿತ್ತು. ಅಕ್ಕ ಎತ್ತಿಕೊಳ್ಳಲು ಹೋದಾಗ, ಅಜ್ಜಿಯ ಮಾತನ್ನು ನನ್ನಿಂದ ಕೇಳಿದ್ದ ಮೇಷ್ಟ್ರು, "ತಡಿಯಮ್ಮ. ಖಾಲಿ ಕಳಿಸಬಾರದಂತಲ್ಲ" ಎಂದರು. ಜೇಬು ಮುಟ್ಟಿ ನೋಡಿಕೊಂಡರು, ಮೇಜಿನ ಖಾನೆ ಎಳೆದು ನೋಡಿದರು. ಆಮೇಲೆ ಬೋರ್ಡಿನಿಂದ ಆ ಚಿತ್ರವನ್ನು ಇಳಿಸಿ, ಹಳೆಯ ಪಂಚೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರು. ದಾರಿಯುದ್ದಕ್ಕೂ ಅಕ್ಕ ತಲೆಯ ಮೇಲಿನ ಬುಟ್ಟಿಗೆ ಒಂದು ಕೈ ಎತ್ತಿ ಆ ಸುರುಳಿಯನ್ನು ಹಿಡಿದೇ ಇದ್ದಳು.

ಅಕ್ಕ ಮತ್ತೆ ಶಾಲೆಗೆ ಸೇರಲಿಲ್ಲ. ಅದು ನನಗೆ ಇವತ್ತಿಗೂ ನೋವು. ಮದುವೆಯಾಗಿ ಶಿಕಾರಿಪುರದ ಕಡೆ, ಉಡುತಡಿಯ ಹತ್ತಿರ ಹೋದಳು. ಆ ಚಿತ್ರವೂ ಅವಳ ಜೊತೆ ಹೋಗಿ ಅಡುಗೆಮನೆಯ ಗೋಡೆಯಲ್ಲಿ ವರ್ಷಗಟ್ಟಲೆ ಓಡಿ, ಹೊಗೆ ಹಿಡಿದು, ಕೊನೆಗೆ ಪೂರ್ತಿ ಕತ್ತಲೆಯೇ ಆಯಿತು. ಅವಳ ಬುಟ್ಟಿಗಳಲ್ಲಿ ಮಾತ್ರ ಪ್ರತಿ ವರ್ಷ ಒಬ್ಬ ದೊಂದಿಯವನು ತಪ್ಪಲಿಲ್ಲ. ಈಗ ಆ ಸೀಮೆಯ ಬೇರೆ ಮನೆಗಳ ಬುಟ್ಟಿಯಲ್ಲೂ ಅವನು ಓಡುತ್ತಾನೆ. ಎಲ್ಲಿಂದ ಬಂದವನೆಂದು ಯಾರೂ ಕೇಳುವುದಿಲ್ಲ.

ಮೊಮ್ಮಕ್ಕಳೇ, ನಿಮ್ಮ ಹತ್ತಿರ ಎಲ್ಲ ನೀಲಿಗಳೂ ಇವೆ. ಗ್ರೀಸಿನ ಗಡಿಗೆಗಳು ಬೇಕೆಂದರೆ ಫೋನಿನಲ್ಲಿ ಒರೆಸಿದಷ್ಟೂ ಬರುತ್ತವೆ. ದೊಡ್ಡದು ಮಾಡಿ ಕಣ್ಣು, ಮೂಗು ಎಲ್ಲ ನೋಡಬಹುದು. ನನಗೆ ಅದು ಕಂಡು ಸಂತೋಷವೇ. ಆ ಕಾಲದಲ್ಲಿ ಅಕ್ಕನ ಕೈಗೆ ಇದೆಲ್ಲ ಸಿಕ್ಕಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈ ಸಲದ ಹುಣ್ಣಿಮೆಗೆ ಅಕ್ಕ ಶಿವಮೊಗ್ಗದ ನಮ್ಮ ಮನೆಗೆ, ನಿಮಗೆಂದೇ ಒಂದು ಬುಟ್ಟಿ ಬರೆದು, ಕಡುಬು ತುಂಬಿ ಕಳಿಸಿದಳು. ಈಗ ಅವಳ ಗೆರೆ ನಡುಗುತ್ತದೆ. ಕಡುಬನ್ನು ನೀವು ಒಂದೇ ಸಂಜೆಯಲ್ಲಿ ಖಾಲಿ ಮಾಡಿದಿರಿ. ಬುಟ್ಟಿಯನ್ನು ಷೋಕೇಸಿನಲ್ಲಿಟ್ಟು, ಒಳಗೊಂದು ದೀಪ ಹಾಕಿ, ಗಾಜಿನ ಬಾಗಿಲು ಮುಚ್ಚಿದಿರಿ. ಚೆನ್ನಾಗಿಯೇ ಕಾಣುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅಕ್ಕ ಪ್ರತಿ ವಾರ ಫೋನು ಮಾಡಿ, "ಮಕ್ಳು ಬುಟ್ಟಿ ಯಾವಾಗ ತರ್ತಾವೋ?" ಎಂದು ಕೇಳುತ್ತಾಳೆ. ಅವಳಿಗೆ ಬುಟ್ಟಿಗೇನು ಬರವೇ?

ಭಾನುವಾರ ಅವಳ ಮನೆಗೆ ಹೋಗೋಣ. ಆ ಗಾಜಿನ ಬಾಗಿಲು ತೆಗೆದು ಬುಟ್ಟಿಯನ್ನು ಕೈಗೆ ತೆಗೆದುಕೊಳ್ಳಿ. ಹಿಡಿದರೆ ಸ್ವಲ್ಪ ಬಣ್ಣ ಹೋಗುತ್ತದೆ, ಹೋಗಲಿ. ಒಳಗೆ ಏನು ತುಂಬಿಸುತ್ತೀರೋ ಅದು ನಿಮಗೆ ಬಿಟ್ಟದ್ದು. ಖಾಲಿ ಮಾತ್ರ ಬೇಡ.