ದೌಲಪ್ಪ ಕಾಕಾನ ಕಾಮಣಿ

ಕಮಲಾಪುರದಲ್ಲಿ ಯಾರ ಕಣ್ಣು ಹಳದಿಯಾದರೂ ಮೊದಲು ಬರುವುದು ನಮ್ಮ ದೌಲಪ್ಪ ಕಾಕಾನ ಮನೆಗೆ. ಕೆಂಪು ಬಾಳೆಯ ತೋಟ ಅವನ ಕಸುಬು, ಕಾಮಣಿಗೆ ಔಷಧ ಕೊಡುವುದು ಅವನ ಗತ್ತು. ಅಪ್ಪನಿಂದ ಬಂದ ಸೊಪ್ಪಿನ ರಸ, ಆಡಿನ ಹಾಲಿನಲ್ಲಿ, ಖಾಲಿ ಹೊಟ್ಟೆಗೆ, ಮೂರು ಐತವಾರ. ಉಪ್ಪು, ಖಾರ, ಎಣ್ಣೆ ಬಂದ್. ಬಹಳ ಮಂದಿಗೆ ಗುಣವಾಗುತ್ತಿತ್ತು. ಆ ರೋಗ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ ಎಂದು ನಾನೊಮ್ಮೆ ಬಾಯಿಬಿಟ್ಟದ್ದಕ್ಕೆ ಆರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದ. ಗುಣವಾಗದವರಿಗೆ ಅವನ ಉತ್ತರ ಒಂದೇ: “ಪಥ್ಯ ಮುರದೀರಿ.”

ಹೋದ ವರ್ಷ ಅವನ ಕಣ್ಣುಗಳೇ ಹಳದಿಯಾದವು. ಕನ್ನಡಿಯ ಮುಂದೆ ತನ್ನ ರೆಪ್ಪೆ ತಾನೇ ಎಳೆದು ನೋಡಿ, ಔಷಧ ಅರೆದು ಕುಡಿದ. ಎರಡನೆಯ ವಾರ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿಯ ವಾಸನೆ ಬಂತು. ಒಂದೇ ಒಂದು ತಿಂದ. ಪಥ್ಯ ಮುರಿಯಿತು, ಮತ್ತೆ ಮೊದಲಿನಿಂದ ಶುರು! ಹೀಗೆ ಇನ್ನೂ ಎರಡು ಸಲ. ಮೈತುಂಬ ತುರಿಕೆ, ಸೊಂಟದಲ್ಲಿ ಧೋತರ ನಿಲ್ಲದು. ಹೆಂಡತಿ ಅಂಬಮ್ಮ ಕಾಕು ಗೋಳಾಡಿದರೆ “ಇದು ಭಜಿ ಮಾಡಿದ ಕೆಲಸ” ಎನ್ನುತ್ತಿದ್ದ.

ಕಾಕು ಜಾಣೆ. ಶರಣಬಸವೇಶ್ವರನ ದರ್ಶನ ಎಂದು ಗಂಡನನ್ನು ಕಲಬುರಗಿಗೆ ಹೊರಡಿಸಿದಳು. ಕೈಮುಗಿದು ಹೊರಬಂದವಳೇ ಆಟೋ ಹತ್ತಿಸಿ ಜೇವರ್ಗಿ ಕಾಲೋನಿಯ ಕ್ಲಿನಿಕ್ಕಿನ ಮುಂದೆ ಇಳಿಸಿದಳು. ಒಳಗೆ ನಮ್ಮ ಓಣಿಯ ಭಾಗಮ್ಮ ಕೂತಿದ್ದಳು. ಕಾಕಾನ ಔಷಧ ಇನ್ನೊಂದು ಐತವಾರ ಬಾಕಿಯಿದ್ದವಳು! ಸೆರಗು ಮುಖಕ್ಕೆಳೆದುಕೊಂಡು, “ನಮ್ಮ ಅಕ್ಕನ್ನ ನೋಡ್ಲಾಕ ಬಂದಿದ್ದೆ, ಕಾಕಾ” ಎಂದಳು.

“ನಾ ದರ್ಶನಕ್ಕ ಬಂದೀನವಾ” ಎಂದ ಕಾಕಾ. ಕ್ಲಿನಿಕ್ಕಿನಲ್ಲಿ ಯಾರ ದರ್ಶನ ಎಂದು ಅವಳು ಕೇಳಲಿಲ್ಲ.

ಡಾಕ್ಟರ್ ಕಾವೇರಿ ಸ್ಕ್ಯಾನ್ ಮಾಡಿಸಿದರು. ಆಮೇಲೆ ಒಳಗಿನಿಂದ ಸೂಜಿಯಲ್ಲಿ ಚೂರು ತೆಗೆಸಿ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ನಾನೂ ಹೋಗಿದ್ದೆ.

“ಇದು ಬರೇ ಕಾಮಣಿ ಅಲ್ಲರಿ. ಮೇದೋಜೀರಕದಾಗ ಕ್ಯಾನ್ಸರ್ ಗಡ್ಡಿ ಅದ. ಅದು ಪಿತ್ತದ ನಳಿಗಿ ಒತ್ತಿ ಕಣ್ಣು ಹಳದಿ ಆಗ್ಯಾವ. ಈ ಜಾತಿ ಭಾಳ ಅಪರೂಪ. ಭಾಳ ಜೋರಾಗಿ ಬೆಳೀತದ.”

ಅಪರೂಪ ಎಂದದ್ದೇ ತಡ, ಕಾಕಾನ ಮುಖ ಅರಳಿತು. “ಹಂಗಾದ್ರ ನನ್ನ ಔಷಧದ ತಪ್ಪಲ್ಲ!”

ನನಗೆ ನಗು ಬಂತು. ಮರುಗಳಿಗೆ ನಾಚಿಕೆಯೂ ಆಯಿತು.

“ಆಪರೇಷನ್ ಆಗ್ತದೋ ಇಲ್ಲೋ, ಅದು ಎಷ್ಟು ಮುಂದ ಹೋಗ್ಯದ ನೋಡಿ ಹೇಳಬೇಕು” ಎಂದರು ಡಾಕ್ಟರ್. “ಎಂಟು ದಿನದಿಂದ ಹಳದಿ ಅಂತ ಬರಸೀರಿ. ಖರೆ ಹೇಳ್ರಿ, ಎಷ್ಟು ದಿನ ಆಯ್ತು?”

ಕಾಕಾ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು.

“ಒಂಬತ್ತು ವಾರ ರೀ” ಎಂದ. “ಒಂಬತ್ತು ವಾರ ಕುಡದೆ. ನನ್ನ ಔಷಧ ನನಗ ಹತ್ತಲಿಲ್ಲ.”

ಡಾಕ್ಟರ್ ಬರೆದುಕೊಂಡರು. ಗಂಡ ಒಂದು ಸಲವಾದರೂ ಸೋಲು ಒಪ್ಪಲಿ ಎಂದು ನಲವತ್ತು ವರ್ಷ ಹರಕೆ ಹೊತ್ತಿದ್ದ ಅಂಬಮ್ಮ ಕಾಕು ಥಟ್ಟನೆ ಎದ್ದು ನಿಂತು, ಕಣ್ಣೊರೆಸಿಕೊಳ್ಳುತ್ತಲೇ ಡಾಕ್ಟರ ಮೇಲೆ ಜಗಳಕ್ಕೆ ಬಿದ್ದಳು: “ಯಾಕ ಹತ್ತಂಗಿಲ್ಲರಿ? ಇವರ ಔಷಧ ಛಲೋ ಅದ! ಇವರು ಭಜಿ ತಿಂದಾರ, ಅಷ್ಟೇ.”