ಹಲ್ಲಿನ ಟೈರು ಮತ್ತು ಎರೆಮಣ್ಣು

ಹೆಂಡತಿ ಸೀರೆ ಆರಿಸುವಾಗ ಅಂಗಡಿಯ ಮೂಲೆಯಲ್ಲಿ ಕೂತು ಆಕಳಿಸುವ ಜಾತಿಯವನು ನಾನು. ಅಂಥವನು ಎರಡು ಟೈರು ಆರಿಸಲಿಕ್ಕೆ ಹದಿನೈದು ದಿನ ತೆಗೆದುಕೊಂಡೆ. ಮನೆಯಾಕೆ ಈಗಲೂ ಆ ಮಾತೆತ್ತಿ ನಗುತ್ತಾಳೆ.

ಧಾರವಾಡದಲ್ಲಿ ನಾನು ದನದ ಡಾಕ್ಟರ. ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲು ತುಳಿಯುತ್ತಿದ್ದವನಿಗೆ, ವಿಲಾಯತಿಗೆ ಮರಳುವ ಸಾಹೇಬನೊಬ್ಬ ತನ್ನ ಮೋಟಾರಸೈಕಲ್ಲು ಕೊಟ್ಟು ಹೋದ. ಅಂದಿನಿಂದ ನನ್ನ ಗೌರವವೂ ಸದ್ದೂ ಕೂಡಿಯೇ ಹೆಚ್ಚಿದವು. ಗಾಡಿ ಚೆನ್ನಾಗಿತ್ತು, ಟೈರು ಮಾತ್ರ ನನ್ನ ತಲೆಯಂತೆ ನುಣ್ಣಗಾಗಿದ್ದವು.

ಮಳೆ, ಬಿಸಿಲು ಎರಡಕ್ಕೂ ಆಗುವ ಟೈರು ಬೇಕು ಎನ್ನುವುದು ಸುಲಭ. ಆದರೆ ನಮ್ಮೂರಿನ ಪಡುವಣಕ್ಕೆ ಕೆಂಪು ಮಸಾರಿ ಮಣ್ಣು, ಮೂಡಣಕ್ಕೆ ಇಳಿದರೆ ಕಪ್ಪು ಎರೆ ಮಣ್ಣು. ಮಸಾರಿ ನೆಲ ನೀರು ಕುಡಿದು ತನ್ನ ಪಾಡಿಗೆ ತಾನಿರುತ್ತದೆ. ಎರೆ ಹಾಗಲ್ಲ, ತುಳಿದವರನ್ನು ಹಿಡಿದುಕೊಳ್ಳುತ್ತದೆ. ಸಂಸ್ಕೃತದಲ್ಲಿ ಭೂಮಿಗೆ ‘ಕ್ಷಮಾ’ ಎಂದೊಂದು ಹೆಸರಿದೆ. ಆ ಹೆಸರಿಟ್ಟವರು ಮಳೆಗಾಲದಲ್ಲಿ ಎರೆಯ ಊರಾದ ಉಪ್ಪಿನಬೆಟಗೇರಿಯ ಕಡೆಗೆ ಬಂದಿರಲಾರರು.

ಹುಬ್ಬಳ್ಳಿಯಲ್ಲಿ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಹುಸೇನಸಾಹೇಬರ ರಿಪೇರಿ ಅಂಗಡಿ. ಅವರು ನನ್ನ ಮುಂದೆ ಎರಡು ಬಗೆಯ ಟೈರು ಇಟ್ಟರು. ಒಂದರ ಮೈಮೇಲೆ ಉದ್ದಕ್ಕೂ ಗೀರು. ಇನ್ನೊಂದಕ್ಕೆ ಗೋವಿನಜೋಳದ ತೆನೆಯ ಹಾಗೆ ದಪ್ಪ ದಪ್ಪ ಹಲ್ಲು. ನಾನು ವಿಲಾಯತಿ ಪುಸ್ತಕವೊಂದನ್ನು ಓದಿಕೊಂಡು ಹೋಗಿದ್ದೆ. ಅದರ ಚಿತ್ರದಲ್ಲಿ ಗೋರಾ ಸವಾರನೊಬ್ಬ ಹಲ್ಲಿನ ಟೈರಿನ ಮೇಲೆ ಕೆಸರು ಸೀಳುತ್ತ ನಗುತ್ತಿದ್ದ.

“ಹಲ್ಲಿಂದು ಬ್ಯಾಡ್ರಿ ಡಾಕ್ಟರ,” ಅಂದರು ಹುಸೇನಸಾಹೇಬರು. “ಆ ಸಂದ್ಯಾಗ ಎರಿ ಮಣ್ಣ ಹೊಕ್ಕರ ಹೊರಗ ಬರೂದಿಲ್ಲ. ಗಾಲಿ ತಿರಗೂದ ನಿಂತ ಬಿಡ್ತೈತಿ. ಗೀರಿಂದು ಒಯ್ರಿ.”

“ಪುಸ್ತಕದಾಗ ಹಂಗ ಬರದಿಲ್ಲಲ್ರಿ?”

“ಬರದಾವ್ರು ನಮ್ಮ ಎರಿ ತುಳದಾರೇನ್ರಿ?”

ನಾನು ಕಲಿತವನು, ಹಲ್ಲಿನದನ್ನೇ ಹಾಕಿಸಿಕೊಂಡೆ. ಅವರು ಹಾಕಿಕೊಟ್ಟರು.

ಆಷಾಢದ ಒಂದು ಮುಂಜಾನೆ ಉಪ್ಪಿನಬೆಟಗೇರಿಯ ರೈತ ನಿಂಗಪ್ಪ ತೋಯ್ದುಕೊಂಡೇ ನಡೆದು ಬಂದು ನನ್ನ ಬಾಗಿಲಲ್ಲಿ ನಿಂತ. ಅವನ ಎಮ್ಮೆ ಈಯಲಾರದೆ ತಿಣುಕುತ್ತಿತ್ತು. ಕರುವಿನ ಒಂದೇ ಕಾಲು ಹೊರಗೆ ಕಂಡಿತ್ತಂತೆ. ಮನೆಯ ಆರು ಮಂದಿಗೆ ಆ ಎಮ್ಮೆಯ ಹೈನೇ ಆಧಾರ. “ಹಿಂದ ಕೂಡ್ರು, ಲಗೂನ ಮುಟ್ಟೋಣು,” ಎಂದು ಅವನನ್ನು ಹತ್ತಿಸಿಕೊಂಡು ಹೊರಟೆ. ಜಲ್ಲಿ ಹಾಕಿದ ಖಡಿ ರಸ್ತೆ ಇರುವ ತನಕ ಟೈರು ಪುಸ್ತಕದಲ್ಲಿ ಬರೆದ ಹಾಗೆಯೇ ನಡೆದುಕೊಂಡವು.

ಎರೆ ಹೊಲದ ದಾರಿಗೆ ಇಳಿದು ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿ ಹುಗಿದಿಟ್ಟ ಹಾಗೆ ನಿಂತಿತು. ನಿಂಗಪ್ಪ ಇಳಿದು ಕಟ್ಟಿಗೆಯಿಂದ ಮಣ್ಣು ಕೆದರಿದ. ಮತ್ತೆ ನಾಲ್ಕು ಮಾರು, ಮತ್ತೆ ಕೆದರಾಟ. ಮೂರನೆಯ ಸಲ ಅವನು ಕಟ್ಟಿಗೆ ಬಿಸಾಡಿ ನೆಟ್ಟಗೆ ನಿಂತ. “ಡಾಕ್ಟರ, ಇದನ್ನ ಇಲ್ಲೇ ಬಿಡ್ರಿ. ಎಮ್ಮಿ ಕಾಯೂದಿಲ್ಲ.”

ಊರು ಇನ್ನೂ ಒಂದು ಮೈಲಿ. ನಾಚಿಕೆ ಬಿಟ್ಟು ಹೇಳುತ್ತೇನೆ: ಆ ಗಳಿಗೆಯಲ್ಲಿ ನನಗೆ ಎಮ್ಮೆಗಿಂತ ಮೊದಲು ನೆನಪಾದದ್ದು ಹೊಸ ಟೈರು. ಇನ್ನೊಂದು ಸಲ ಕೆದರಿ ನೋಡೋಣ ಎನ್ನಬೇಕೆಂದು ಅವನ ಮುಖ ನೋಡಿದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಊರಿನ ಕಡೆ ನೋಡುತ್ತಿದ್ದ. ಬೂಟು ಕಳಚಿ ಗಾಡಿಗೆ ನೇತುಹಾಕಿ, ಔಷಧದ ಚೀಲ ತಲೆಯ ಮೇಲಿಟ್ಟುಕೊಂಡು ಅವನ ಹಿಂದೆ ನಡೆದೆ. ಬರಿಗಾಲಿನ ಬೆರಳು ಊರಿ ನಡೆಯುವುದನ್ನು ಅವನೇ ಕಲಿಸಿಕೊಟ್ಟ. ಎರಡು ಸಲ ಬಿದ್ದೆ, ಚೀಲ ಬೀಳಗೊಡಲಿಲ್ಲ.

ಎಮ್ಮೆ ಮಲಗಿಬಿಟ್ಟಿತ್ತು. ನಿಂಗಪ್ಪನ ತಾಯಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆ ಸವರುತ್ತಿದ್ದಳು. “ಬಂದ್ರೇನ್ರಿ,” ಅಂದಳು, ಅಷ್ಟೇ. ಕರುವಿನ ಇನ್ನೊಂದು ಕಾಲು ಒಳಗೆ ಹಿಂದಕ್ಕೆ ಮಡಚಿಕೊಂಡಿತ್ತು. ಭುಜದ ತನಕ ಕೈ ಹಾಕಿ ಕರುವನ್ನು ಮೆಲ್ಲಗೆ ಹಿಂದೆ ಸರಿಸಿ, ಆ ಕಾಲನ್ನು ಮುಂದಕ್ಕೆ ತರುವಷ್ಟರಲ್ಲಿ ನನ್ನ ತೋಳು ಮರಗಟ್ಟಿತ್ತು. ಕರು ಹೊರಬಿದ್ದರೂ ಉಸಿರಾಡಲಿಲ್ಲ. ಮೂಗು ಒರೆಸಿ, ಮೈ ತಿಕ್ಕಿದೆ, ತಿಕ್ಕುತ್ತಲೇ ಇದ್ದೆ. ಕೊನೆಗೊಮ್ಮೆ ಅದು ಸೀನಿತು. ನಿಂಗಪ್ಪ ಗೋಡೆಗೆ ಆತು ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಮಧ್ಯಾಹ್ನ ನನ್ನ ಮೋಟಾರಸೈಕಲ್ಲು ನಾಲ್ಕು ಎತ್ತು ಹೂಡಿದ ಚಕ್ಕಡಿಯಲ್ಲಿ ಖಡಿ ರಸ್ತೆ ಸೇರಿತು.

ಮರುವಾರ ಹುಬ್ಬಳ್ಳಿಗೆ ಹೋಗಿ ಹುಸೇನಸಾಹೇಬರಿಗೆ ಎಲ್ಲವನ್ನೂ ಒಪ್ಪಿಸಿದೆ. ನಾ ಹೇಳಿದ್ನಿಲ್ಲೋ ಎನ್ನುತ್ತಾರೆಂದು ಕಾದೆ. ಅವರು ಕೇಳಿದ್ದು, “ಎಮ್ಮಿ ಆರಾಮ ಐತೇನ್ರಿ?” ಗೀರಿನ ಟೈರು ಹಾಕಿಸಿಕೊಂಡೆ. “ಇದು ಎಲ್ಲಾ ಹವಾಕ್ಕ ನಡೀತೈತೇನ್ರಿ?” ಎಂದೆ.

“ಹಂಥಾ ಟೈರ ಇನ್ನೂ ಹುಟ್ಟಿಲ್ರಿ. ಇದು ಲಗೂ ಜಾರತೈತಿ. ಜಾರಾಕ ಹತ್ತಿದ ಕೂಡ್ಲೆ ನೀವ ಇಳದ ಬಿಡ್ರಿ.”

ಈಗ ಮಳೆಗಾಲದಲ್ಲಿ ಖಡಿ ರಸ್ತೆ ಮುಗಿಯುವಲ್ಲಿ ಬೇವಿನ ಗಿಡದ ಕೆಳಗೆ ಗಾಡಿ, ಬೂಟು ಎರಡನ್ನೂ ಬಿಟ್ಟು ನಡೆಯುತ್ತೇನೆ. ಮೊನ್ನೆ ಅದೇ ಊರಿನಲ್ಲಿ ಒಂದು ಎತ್ತು ನೋಡಲು ಹೋದಾಗ ಮುದುಕನೊಬ್ಬ ಕಟ್ಟೆಯ ಮೇಲಿನವರಿಗೆ ಹೇಳುತ್ತಿದ್ದ: “ನೋಡ್ರಿ, ಡಾಕ್ಟರ ಅಂದ್ರ ಹಿಂಗಿರಬೇಕು. ಬಸವಣ್ಣನ್ನ ಮುಟ್ಟೂ ಮುಂಚೆ ಕಾಲಾಗಿನ ಬೂಟ ಊರ ಹೊರಗ ಬಿಟ್ಟ ಬರ್ತಾರ.”

ಖರೇ ಸಂಗತಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆತ ಕೈ ಮುಗಿದುಬಿಟ್ಟ. ಮುಗಿದ ಕೈಗೆ ಎದುರುತ್ತರ ಕೊಡುವುದು ಕಷ್ಟ. ನಾನೂ ಕೈ ಮುಗಿದು ಎತ್ತಿನ ಕಡೆಗೆ ನಡೆದೆ.